ಗಾಯಾಳುವಿನ ಗಾಡಿಗೆ ಸ್ಪ್ರಿಂಗ್ ಕಟ್ಟಿದ ವೈದ್ಯ

ಮೈಸೂರಿನ ಗೋಕುಲಂ ನಿವಾಸಿಗಳಿಗೆ ಆಂಬುಲೆನ್ಸ್‌ನ ಕೂಗು ಹೊಸತಲ್ಲ. ಬಡಾವಣೆಗೆ ಅನತಿ ದೂರದಲ್ಲಿ ಹಾದುಹೋಗುವ ಕೆಆರ್‌ಎಸ್ ರಸ್ತೆಯಲ್ಲಿಯೇ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಹೊತ್ತ ಪಿಕೆಟಿಬಿ ಕ್ಷಯರೋಗ ಆಸ್ಪತ್ರೆಯಿದೆ. ಜಯದೇವ ಹೃದ್ರೋಗ ಆಸ್ಪತ್ರೆಯೂ ಅದೇ ರಸ್ತೆಯಲ್ಲಿದೆ. ಸುತ್ತಲಿನ ತಾಲ್ಲೂಕುಗಳಿಂದ ಎದೆನೋವಿನ ರೋಗಿಗಳನ್ನು ಹೊತ್ತು ತರುವ ವಾಹನಗಳು ಹಗಲಿರುಳೂ ಈ ಹಾದಿಯಲ್ಲಿ ಓಡುತ್ತವೆ. ಹೊರಗೆ ನಿಂತು ನೋಡುವವರಿಗೆ ಕಾಣುವುದು ವೇಗ. ಒಳಗೆ ಅಂಗಾತ ಮಲಗಿದವನಿಗೆ ತಿಳಿಯುವುದು ಬೇರೆಯೇ: ಪ್ರತಿ ರಸ್ತೆ ಉಬ್ಬು, ಪ್ರತಿ ಗುಂಡಿ, ಡಾಂಬರು ಕಿತ್ತುಹೋದ ಪ್ರತಿ ಗೇಣು ನೆಲವೂ ಚಕ್ರದಿಂದ ಚಾಸಿಗೂ, ಚಾಸಿಯಿಂದ ಸ್ಟ್ರೆಚರ್‌ಗೂ, ಅಲ್ಲಿಂದ ಬೆನ್ನುಮೂಳೆಗೂ ಏರಿಬರುತ್ತದೆ.

ಈ ಏರುವಿಕೆಯನ್ನು ತಡೆಯಬೇಕೆಂದು ಹಟ ಹಿಡಿದು, ಗಾಯಾಳುವನ್ನು ಹೊರುವ ಗಾಡಿಯ ರಚನೆಯನ್ನೇ ಬದಲಿಸಿದವನು ಫ್ರಾನ್ಸ್‌ನ ಶಸ್ತ್ರವೈದ್ಯ ಡೊಮಿನಿಕ್ ಜ್ಯಾಂ ಲಾರೆ. ನೆಪೋಲಿಯನ್ನನ ಸೇನೆಯ ವೈದ್ಯನೆಂದೇ ಜಗತ್ತು ಆತನನ್ನು ನೆನೆಯುತ್ತದೆ. ಆತನ ಬದುಕಿನ ಒಂದು ಎಳೆ ಮೈಸೂರು ಸೀಮೆಯ ಇತಿಹಾಸದ ಪಕ್ಕದಲ್ಲಿಯೇ ಹಾದುಹೋಗಿರುವುದು ಮಾತ್ರ ಹೆಚ್ಚು ಜನರಿಗೆ ತಿಳಿಯದು.

ಚಮ್ಮಾರನ ಮಗ, ಕಡಲು ಒಗ್ಗದ ವೈದ್ಯ

ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಪರ್ವತಗಳ ತಪ್ಪಲಿನಲ್ಲಿ ಬೋದಿಯಾನ್ ಎಂಬ ಪುಟ್ಟ ಹಳ್ಳಿ. ಅಲ್ಲಿ 1766ರ ಜುಲೈ 8ರಂದು ಲಾರೆ ಹುಟ್ಟಿದ. ತಂದೆ ಪಾದರಕ್ಷೆ ಹೊಲಿಯುವ ಕಸುಬಿನವ. ಮಗ ಚಿಕ್ಕವನಿರುವಾಗಲೇ ತೀರಿಕೊಂಡ. ಹದಿಮೂರರ ಹರೆಯದಲ್ಲಿ ಹುಡುಗ ಊರು ಬಿಟ್ಟು ತೂಲೂಸ್ ನಗರ ಸೇರಿದ. ಅಲ್ಲಿ ಆತನ ಚಿಕ್ಕಪ್ಪ ಅಲೆಕ್ಸಿ ಲಾರೆ ಹೆಸರುವಾಸಿ ಶಸ್ತ್ರವೈದ್ಯನಾಗಿದ್ದ. ಆ ಮನೆಯಲ್ಲಿದ್ದುಕೊಂಡೇ ವರ್ಷಗಟ್ಟಲೆ ಗಾಯ ತೊಳೆಯುವುದು, ಮೂಳೆ ಕೂಡಿಸುವುದು, ಪಟ್ಟಿ ಕಟ್ಟುವುದನ್ನು ಕಲಿತ.

1787ರಲ್ಲಿ ಕೆಲಸ ಅರಸಿ ಹೊರಟ ತರುಣನಿಗೆ ಸಿಕ್ಕಿದ್ದು ನೌಕಾಪಡೆಯ ವೈದ್ಯನ ಹುದ್ದೆ. ವಿಜಿಲಾಂತ್ ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ನ್ಯೂಫೌಂಡ್‌ಲ್ಯಾಂಡ್‌ವರೆಗೂ ಹೋಗಿಬಂದ. ಆದರೆ ಆ ಪಯಣದುದ್ದಕ್ಕೂ ಕಡಲಕಾಯಿಲೆ ಆತನನ್ನು ಹಣ್ಣು ಮಾಡಿತು. ತಲೆಸುತ್ತು, ವಾಕರಿಕೆಗಳಿಂದ ಬೇಸತ್ತು ನೌಕಾಪಡೆಗೆ ಶರಣು ಹೊಡೆದು ಪ್ಯಾರಿಸಿಗೆ ಮರಳಿದ. ಸಣ್ಣ ಪ್ರಸಂಗವೇ ಸರಿ. ಆದರೆ ಹೊರುವ ವಾಹನದ ಚಲನೆ ಹೊರಲ್ಪಡುವ ದೇಹವನ್ನು ಹೇಗೆ ಕಂಗೆಡಿಸಬಲ್ಲದೆಂಬುದನ್ನು ಲಾರೆ ತನ್ನ ಮೈಮೇಲೆಯೇ ಅನುಭವಿಸಿ ತಿಳಿದಿದ್ದ. ಹಡಗಿನ ನಿಧಾನವಾದ ದೊಡ್ಡ ತೂಗಾಟ ಹೊಟ್ಟೆ ತೊಳೆಸುತ್ತದೆ. ಕಲ್ಲುಹಾದಿಯ ಬಂಡಿಯ ಚುರುಕಾದ ಸಣ್ಣ ಅದುರು ಮೂಳೆಯನ್ನು ನೋಯಿಸುತ್ತದೆ. ಇವೆರಡರ ನಡುವೆ ದಾರಿ ಹುಡುಕುವುದು ಇಂದಿಗೂ ವಾಹನ ತಯಾರಕರ ತಲೆನೋವು.

ಪ್ಯಾರಿಸಿನ ಒತೆಲ್ ದ್ಯು ಆಸ್ಪತ್ರೆಯಲ್ಲಿ ದೆಸೋ ಎಂಬ ಮಹಾ ಶಸ್ತ್ರವೈದ್ಯನ ಕೈಕೆಳಗೆ ಲಾರೆಯ ಕಲಿಕೆ ಮುಂದುವರಿಯಿತು. ಅಷ್ಟರಲ್ಲಿ 1789ರ ಕ್ರಾಂತಿ ಭುಗಿಲೆದ್ದಿತು. 1792ರಲ್ಲಿ ನೆರೆಯ ರಾಜ್ಯಗಳೊಡನೆ ಯುದ್ಧ ಆರಂಭವಾದಾಗ ಆತ ರೈನ್ ನದಿಯ ದಂಡಿನೊಂದಿಗೆ ಗಡಿಗೆ ನಡೆದ.

ಯುದ್ಧಭೂಮಿಯಲ್ಲಿ ಕಂಡ ದೃಶ್ಯ ಆತನನ್ನು ಬೆಚ್ಚಿಬೀಳಿಸಿತು. ಅಂದಿನ ನಿಯಮದಂತೆ ಸೇನೆಯ ಚಿಕಿತ್ಸಾ ಶಿಬಿರಗಳು ರಣರಂಗದಿಂದ ಒಂದು ಲೀಗ್, ಎಂದರೆ ಸುಮಾರು ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ನಿಲ್ಲಬೇಕಿತ್ತು. ಆಂಬುಲೆನ್ಸ್ ಎಂಬ ಪದಕ್ಕೆ ಆಗ ಗಾಡಿ ಎಂಬ ಅರ್ಥವೇ ಇರಲಿಲ್ಲ. ದಂಡಿನ ಹಿಂದೆ ನಡೆದುಬರುವ ಆಸ್ಪತ್ರೆಗೆ ಆ ಹೆಸರಿತ್ತು. ಕಾಳಗ ಮುಗಿಯುವವರೆಗೂ ಗಾಯಾಳುಗಳು ಬಿದ್ದಲ್ಲಿಯೇ ಬಿದ್ದಿರಬೇಕು. ಇಪ್ಪತ್ತನಾಲ್ಕು, ಕೆಲವೊಮ್ಮೆ ಮೂವತ್ತಾರು ಗಂಟೆಗಳ ನಂತರ ಫುರ್ಗೋನ್ ಎಂಬ ದೈತ್ಯ ಸರಕು ಬಂಡಿಗಳು ತೆವಳುತ್ತ ಬಂದು ಅಳಿದುಳಿದವರನ್ನು ತುಂಬಿಕೊಳ್ಳುತ್ತಿದ್ದವು. ಹಿಟ್ಟಿನ ಮೂಟೆಗೂ ಮದ್ದುಗುಂಡಿಗೂ ತಕ್ಕುದಾದ ಆ ಬಂಡಿಗಳಿಗೆ ಸ್ಪ್ರಿಂಗ್ ಇರಲಿಲ್ಲ. ಮುರಿದ ತೊಡೆಯ ಸೈನಿಕನೊಬ್ಬನನ್ನು ಅದರಲ್ಲಿ ಹೇರಿದರೆ, ಮೂಳೆಯ ಚೂಪು ತುದಿ ಪ್ರತಿ ಕುಲುಕಿಗೂ ಒಳಗಿನ ಮಾಂಸವನ್ನು ಕೊಯ್ಯುತ್ತಿತ್ತು. ಹೆಪ್ಪುಗಟ್ಟಿ ನಿಂತಿದ್ದ ರಕ್ತ ಮತ್ತೆ ಹರಿಯುತ್ತಿತ್ತು. ಗುಂಡೇಟಿಗೆ ಬದುಕಿ ಉಳಿದವನು ಬಂಡಿಯ ಏಟಿಗೆ ಸಾಯುವುದು ಅಪರೂಪವಾಗಿರಲಿಲ್ಲ.

ಹಾರುವ ಗಾಡಿ

ಅದೇ ಸೇನೆಯಲ್ಲಿ ಇನ್ನೊಂದು ನೋಟವೂ ಲಾರೆಯ ಕಣ್ಣಿಗೆ ಬಿತ್ತು. ಕುದುರೆಗಳು ಎಳೆಯುವ ಹಗುರ ಫಿರಂಗಿ ದಳ ಗುಡುಗುಡನೆ ಓಡಿ ಬೇಕಾದಲ್ಲಿ ನಿಂತು ಗುಂಡು ಹಾರಿಸಿ, ಕ್ಷಣದಲ್ಲಿ ಮತ್ತೊಂದೆಡೆಗೆ ನೆಗೆಯುತ್ತಿತ್ತು. ಕೊಲ್ಲುವ ಫಿರಂಗಿಗೆ ಇಷ್ಟು ವೇಗ ಸಾಧ್ಯವಿರುವಾಗ ಕಾಯುವ ವೈದ್ಯನಿಗೆ ಏಕಿಲ್ಲ ಎಂಬ ಯೋಚನೆ ಆತನನ್ನು ಹಿಡಿಯಿತು. ಮೊದಲು ಕುದುರೆಗಳ ಬೆನ್ನಿಗೆ ಬುಟ್ಟಿ ಕಟ್ಟಿ ಗಾಯಾಳುಗಳನ್ನು ಒಯ್ಯುವ ಆಲೋಚನೆ ಮಾಡಿದ. ಅದು ಸಾಲದೆಂದು ಬೇಗನೆ ಮನವರಿಕೆಯಾಯಿತು. ಆಗ ಹೊಳೆದದ್ದು ಸ್ಪ್ರಿಂಗ್‌ಗಳ ಮೇಲೆ ತೂಗುಬಿಟ್ಟ ಹಗುರ ಗಾಡಿ. ಮೇಲಧಿಕಾರಿಗಳ ಒಪ್ಪಿಗೆ ದೊರೆಯಿತು. ಜನ ಅದನ್ನು ಆಂಬುಲಾನ್ಸ್ ವೊಲಾಂತ್, ಅಂದರೆ ಹಾರುವ ಆಂಬುಲೆನ್ಸ್ ಎಂದು ಕರೆದರು.

ಸ್ಪ್ರಿಂಗನ್ನು ಲಾರೆ ಕಂಡುಹಿಡಿದನೆಂದು ಹೇಳಿದರೆ ತಪ್ಪಾದೀತು. ಯೂರೋಪಿನ ಸಿರಿವಂತರ ಸಾರೋಟುಗಳು ಅದಕ್ಕೂ ಮೊದಲೇ ಚರ್ಮದ ಪಟ್ಟಿಗಳ ಮೇಲೆ, ಉಕ್ಕಿನ ಸ್ಪ್ರಿಂಗ್‌ಗಳ ಮೇಲೆ ತೂಗುತ್ತಿದ್ದವು. ರಾಣಿಯ ಬೆನ್ನಿಗೆ ಸಲ್ಲುತ್ತಿದ್ದ ಸುಖವನ್ನು ಸಾಮಾನ್ಯ ಸಿಪಾಯಿಯ ಮುರಿದ ಕಾಲಿಗೆ ಸಲ್ಲಿಸಿದ್ದು ಲಾರೆಯ ಹೆಗ್ಗಳಿಕೆ. ಕ್ರಾಂತಿಯ ಕಾಲದಲ್ಲಿ ಅದಕ್ಕಿಂತ ಕ್ರಾಂತಿಕಾರಕವಾದ ಕೆಲಸಗಳು ಹೆಚ್ಚೇನೂ ನಡೆಯಲಿಲ್ಲ.

ಗಾಡಿಯ ವಿವರಗಳನ್ನು ಆತ ಮುಂದೆ ತನ್ನ ನೆನಪಿನ ಸಂಪುಟಗಳಲ್ಲಿ ದಾಖಲಿಸಿದ್ದಾನೆ. ಬಯಲು ಸೀಮೆಗೆ ಎರಡು ಚಕ್ರದ್ದು, ಗುಡ್ಡಗಾಡಿಗೆ ನಾಲ್ಕು ಚಕ್ರದ್ದು. ಎರಡು ಚಕ್ರದ ಗಾಡಿಯನ್ನು ಎರಡು ಕುದುರೆ ಎಳೆಯುತ್ತಿದ್ದವು. ಒಳಗೆ ಇಬ್ಬರು ಮಲಗಬಹುದಿತ್ತು. ನಾಲ್ಕು ಚಕ್ರದ್ದರಲ್ಲಿ ನಾಲ್ವರು. ಮೇಲ್ಭಾಗ ಕಮಾನಿನಂತೆ ಬಾಗಿದ ಪೆಟ್ಟಿಗೆ. ಗಾಳಿಯಾಡಲು ಪಕ್ಕಗಳಲ್ಲಿ ಪುಟ್ಟ ಕಿಟಕಿಗಳು. ಹಿಂದೆ ಮುಂದೆ ಎರಡೂ ಕಡೆ ತೆರೆಯುವ ಬಾಗಿಲು. ಎಲ್ಲಕ್ಕಿಂತ ಜಾಣತನದ ರಚನೆ ಒಳಗಿನ ನೆಲದ್ದು. ಅದು ಪೆಟ್ಟಿಗೆಗೆ ಬಿಗಿದ ಹಲಗೆಯಾಗಿರದೆ, ನಾಲ್ಕು ಸಣ್ಣ ಉರುಳೆಗಳ ಮೇಲೆ ಜಾರಿ ಹೊರಬರುತ್ತಿತ್ತು. ಅದರ ಮೇಲೆ ಕುದುರೆಗೂದಲು ತುಂಬಿ ಚರ್ಮ ಹೊದಿಸಿದ ಹಾಸಿಗೆ, ದಿಂಬು. ಪಕ್ಕಗಳಲ್ಲಿ ನಾಲ್ಕು ಕಬ್ಬಿಣದ ಹಿಡಿಕೆಗಳು. ಸೈನಿಕರು ತಮ್ಮ ನಡುಪಟ್ಟಿಗಳನ್ನು ಅವುಗಳಲ್ಲಿ ತೂರಿಸಿ ಗಾಯಾಳುವನ್ನು ಹಲಗೆಸಹಿತ ಎತ್ತಿ ಒಳಗೆ ಜಾರಿಸಬಹುದಿತ್ತು. ಮಳೆಗಾಲವಾದರೆ ಆ ಹಲಗೆಯ ಮೇಲೆಯೇ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸವೂ ನಡೆಯುತ್ತಿತ್ತು. ಇಂದು ಆಸ್ಪತ್ರೆಯ ಬಾಗಿಲಲ್ಲಿ ಚಕ್ರದ ಸ್ಟ್ರೆಚರ್ ಆಂಬುಲೆನ್ಸ್‌ನಿಂದ ಜಾರಿ ಹೊರಬರುವುದನ್ನು ನೋಡುವಾಗ ಅದರ ಮುತ್ತಜ್ಜ ಇದೆಂದು ಧೈರ್ಯವಾಗಿ ಹೇಳಬಹುದು.

ಸ್ಪ್ರಿಂಗ್ ಏನು ಮಾಡುತ್ತದೆ? ಪ್ರತಿ ಸ್ಪ್ರಿಂಗಿನ ಮೇಲೆ ಕುಳಿತ ಹೊರೆಗೂ ತನ್ನದೇ ಆದ ತೂಗಾಟದ ಗತಿಯಿದೆ. ರಸ್ತೆಯ ಕುಲುಕು ಆ ಗತಿಗೆ ಸರಿಹೊಂದಿದರೆ ತೂಗಾಟ ಹಿಗ್ಗುತ್ತದೆ. ಮಗುವಿನ ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ತಳ್ಳಿದಂತೆ. ಕುಲುಕಿನ ಗತಿ ಅದಕ್ಕಿಂತ 1.4 ಪಟ್ಟು ಮೀರಿದ ಮೇಲೆಯೇ ಸ್ಪ್ರಿಂಗ್ ಅದನ್ನು ತಗ್ಗಿಸತೊಡಗುತ್ತದೆ. ಆದ್ದರಿಂದ ಸ್ಪ್ರಿಂಗ್ ಮೆದುವಾಗಿರಬೇಕು, ಸೆಕೆಂಡಿಗೆ ಒಂದೋ ಒಂದೂವರೆಯೋ ಬಾರಿ ನಿಧಾನವಾಗಿ ತೂಗಬೇಕು. ತೀರ ಮೆದುವಾದರೆ ಹಡಗಿನ ತೂಗಾಟವಾಗಿ ವಾಂತಿ ಬರಿಸುತ್ತದೆ. ಗಡುಸಾದರೆ ಫುರ್ಗೋನ್ ಬಂಡಿಯಾಗುತ್ತದೆ. ಕುಳಿತ ಮನುಷ್ಯನ ದೇಹ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿ ಮೇಲೆ ಕೆಳಗೆ ಅದುರುವ ಕಂಪನಕ್ಕೆ ಹೆಚ್ಚು ನಲುಗುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಸಂಶೋಧನೆಯಿಂದ ಖಚಿತವಾದ ಸಂಗತಿ. ಲಾರೆಯ ಬಳಿ ಈ ಲೆಕ್ಕಗಳಿರಲಿಲ್ಲ. ಗಾಯಾಳುವಿನ ಮುಖವೇ ಆತನ ಅಳತೆಗೋಲು.

1797ರಲ್ಲಿ ಇಟಲಿಯಲ್ಲಿ ಈ ವ್ಯವಸ್ಥೆ ಪೂರ್ಣರೂಪ ತಾಳಿತು. 340 ಜನರ ಒಂದು ವೈದ್ಯದಳ. ಅದನ್ನು ಮೂರು ತುಕಡಿಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹನ್ನೆರಡು ಹಗುರ ಗಾಡಿ, ನಾಲ್ಕು ಭಾರದ ಗಾಡಿ ಕೊಡಲಾಯಿತು. ನೆಪೋಲಿಯನ್ ಮೆಚ್ಚಿದ. ಅದೇ ಕಾಲದ ಇನ್ನೊಬ್ಬ ಸೇನಾವೈದ್ಯ ಪರ್ಸಿ ಬೇರೆ ಹಾದಿ ಹಿಡಿದಿದ್ದ. ಉದ್ದನೆಯ ಗಾಡಿಯ ಮೇಲೆ ವೈದ್ಯರನ್ನೇ ಸಾಲಾಗಿ ಕೂರಿಸಿ ರಣರಂಗಕ್ಕೆ ಓಡಿಸುವುದು ಆತನ ಯೋಜನೆ. ಗಾಯಾಳುವನ್ನು ವೈದ್ಯನ ಬಳಿಗೆ ತರಬೇಕೋ, ವೈದ್ಯನನ್ನು ಗಾಯಾಳುವಿನ ಬಳಿಗೆ ಒಯ್ಯಬೇಕೋ ಎಂಬ ಆ ಚರ್ಚೆ ಇಂದಿನ ತುರ್ತುಚಿಕಿತ್ಸಾ ತಜ್ಞರ ನಡುವೆಯೂ ಮುಗಿದಿಲ್ಲ.

ಲಾರೆಯ ಖಾಸಗಿ ಬದುಕಿನ ಒಂದೆರಡು ವಿವರಗಳಿಷ್ಟು: 1794ರಲ್ಲಿ ಚಿತ್ರಕಲಾವಿದೆ ಶಾರ್ಲೊತ್ ಎಲಿಜಬೆತ್ ಲವೀಲ್ ಲೆರೂಳನ್ನು ವರಿಸಿದ. ಒಬ್ಬ ಮಗಳು, ಒಬ್ಬ ಮಗ. ಮಗ ಇಪೊಲೀತ್ ಮುಂದೆ ತಂದೆಯಂತೆಯೇ ಸೇನಾ ಶಸ್ತ್ರವೈದ್ಯನಾದ. ಸಂಸಾರದ ಪಾಲಿಗೆ ಲಾರೆ ದೊರೆತದ್ದು ಕಡಿಮೆ. ಎರಡು ದಶಕಗಳಿಗೂ ಮೀರಿ ಆತ ಒಂದಲ್ಲ ಒಂದು ರಣರಂಗದಲ್ಲಿದ್ದ.

ಒಂಟೆಯ ತೊಟ್ಟಿಲು ಮತ್ತು ಮೈಸೂರಿನ ನೆರಳು

1798ರ ಮೇ ತಿಂಗಳಲ್ಲಿ ನೆಪೋಲಿಯನ್ನನ ನೌಕಾಪಡೆ ತೂಲೋನ್ ಬಂದರಿನಿಂದ ಈಜಿಪ್ಟಿನತ್ತ ಹೊರಟಾಗ ಲಾರೆ ಮುಖ್ಯ ಶಸ್ತ್ರವೈದ್ಯನಾಗಿ ಜೊತೆಗಿದ್ದ. ಈ ದಂಡಯಾತ್ರೆಯ ಕಣ್ಣು ಇದ್ದದ್ದು ಭಾರತದ ಬ್ರಿಟಿಷ್ ಆಳ್ವಿಕೆಯ ಮೇಲೆ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದು, ಬ್ರಿಟಿಷರ ಹಿಡಿತದಿಂದ ಬಿಡಿಸುವ ಇಂಗಿತ ತಿಳಿಸಿ, ನಂಬಿಕಸ್ತನೊಬ್ಬನನ್ನು ಕಳುಹಿಸುವಂತೆ ಕೋರಿದ. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಟಿಪ್ಪುವಿಗೆ ತಲುಪಲೇ ಇಲ್ಲ.

ಗೋಕುಲಂನಿಂದ ಶ್ರೀರಂಗಪಟ್ಟಣ ಹದಿನೈದು ಕಿಲೋಮೀಟರಿನ ಆಸುಪಾಸು. 1799ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಫಿರಂಗಿಗಳು ಆ ಕೋಟೆಯನ್ನು ಬಡಿಯುತ್ತಿದ್ದ ದಿನಗಳಲ್ಲಿಯೇ ಲಾರೆ ಇತ್ತ ಮೆಡಿಟರೇನಿಯನ್ ತೀರದ ಏಕರ್ ಕೋಟೆಯ ಮುತ್ತಿಗೆಯಲ್ಲಿ ಗಾಯಾಳುಗಳ ನಡುವೆ ರಕ್ತದಲ್ಲಿ ಮುಳುಗಿದ್ದ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಅದೇ ತಿಂಗಳ 20ರಂದು ನೆಪೋಲಿಯನ್ ಏಕರ್ ಮುತ್ತಿಗೆಯನ್ನು ಕೈಬಿಟ್ಟು ಹಿಂದೆ ಸರಿದ. ಒಂದೇ ರಾಜಕೀಯ ಲೆಕ್ಕಾಚಾರದ ಎರಡು ತುದಿಗಳು ಹದಿನಾರು ದಿನಗಳ ಅಂತರದಲ್ಲಿ ಕಡಿದುಬಿದ್ದವು.

ಶ್ರೀರಂಗಪಟ್ಟಣದ ಹೊರಗೆ ಗಾಯಾಳುಗಳನ್ನು ಹೊತ್ತದ್ದು ಗಾಡಿಗಳಲ್ಲ, ಡೋಲಿಗಳು. ಈಸ್ಟ್ ಇಂಡಿಯಾ ಕಂಪನಿಯ ದಂಡಿನ ಜೊತೆ ಡೋಲಿ ಹೊರುವವರ ದೊಡ್ಡ ಪಡೆಯೇ ನಡೆಯುತ್ತಿತ್ತು. ಕಂಪನದ ದೃಷ್ಟಿಯಿಂದ ನೋಡಿದರೆ ಡೋಲಿ ಕೀಳಾದ ವಾಹನವಲ್ಲ. ಬಳುಕುವ ಬಿದಿರ ಗಳುವೇ ಅದರ ಸ್ಪ್ರಿಂಗ್. ಹೊರುವವರ ಮೊಣಕಾಲು, ಹೆಗಲುಗಳೇ ಅದರ ಕುಲುಕು ತಡೆಯುವ ಸಾಧನ. ಪಳಗಿದ ಬೋಯಿಗಳು ಹೆಜ್ಜೆಗಳನ್ನು ಬೇಕೆಂದೇ ತಪ್ಪುತಾಳಕ್ಕೆ ಹಾಕಿ ತೂಗಾಟವನ್ನು ಕೊಲ್ಲುತ್ತಿದ್ದರು. ದೋಷವಿದ್ದುದು ಸಂಖ್ಯೆಯಲ್ಲಿ: ಒಬ್ಬ ಗಾಯಾಳುವಿಗೆ ನಾಲ್ಕೋ ಆರೋ ಹೆಗಲು ಬೇಕು, ವೇಗ ನಡಿಗೆಯದೇ.

ಈಜಿಪ್ಟಿನ ಮರಳಿನಲ್ಲಿ ಲಾರೆಯ ಚಕ್ರದ ಗಾಡಿಗಳು ನಡೆಯುವಂತಿರಲಿಲ್ಲ. ಆತ ಸ್ಥಳೀಯ ಒಂಟೆಗಳತ್ತ ತಿರುಗಿದ. ತೊಟ್ಟಿಲಿನಾಕಾರದ ನೂರು ಬುಟ್ಟಿಗಳನ್ನು ಮಾಡಿಸಿ, ಒಂಟೆಯ ಡುಬ್ಬದ ಎರಡು ಮಗ್ಗುಲಿಗೂ ಒಂದೊಂದರಂತೆ ಹಿಗ್ಗಿ ಕುಗ್ಗುವ ಪಟ್ಟಿಗಳಿಂದ ತೂಗುಹಾಕಿದ. ಕಾಲ ಬಳಿ ಮಡಿಸಿ ಬಿಚ್ಚಬಹುದಾದ ಹಲಗೆ. ಬಿಚ್ಚಿದರೆ ಗಾಯಾಳು ಪೂರ್ತಿ ಚಾಚಿ ಮಲಗಬಹುದಿತ್ತು. ಇಲ್ಲಿಯೂ ಆತನ ಗಮನ ಹರಿದದ್ದು ತೂಗುವ ಪಟ್ಟಿಯ ಮೇಲೆ ಎಂಬುದನ್ನು ಗಮನಿಸಬೇಕು. ಆದರೆ ಸೇನೆಗೆ ಬೇಕಾದಷ್ಟು ಒಂಟೆಗಳು ಗಾಯಾಳುಗಳ ಪಾಲಿಗೆ ಸಿಗಲಿಲ್ಲ. ಏಕರ್‌ನಿಂದ ಮರಳುವಾಗ ಅಧಿಕಾರಿಗಳೆಲ್ಲ ಕುದುರೆಯಿಳಿದು ನಡೆಯಬೇಕೆಂದು, ಪ್ರಾಣಿಗಳನ್ನೆಲ್ಲ ಗಾಯಾಳುಗಳಿಗೆ ಬಿಟ್ಟುಕೊಡಬೇಕೆಂದು ನೆಪೋಲಿಯನ್ ಆಜ್ಞೆ ಹೊರಡಿಸಿದ. ಹೈಫಾದ ಮೇಲಿನ ಕಾರ್ಮೆಲ್ ಬೆಟ್ಟದ ಮಠವನ್ನು ಫ್ರೆಂಚರು ಆಸ್ಪತ್ರೆಯಾಗಿ ಬಳಸಿದ್ದರು. ಸೇನೆ ಹಿಂದೆ ಸರಿದ ಮೇಲೆ ಅಲ್ಲುಳಿದ ರೋಗಿಗಳು ಕೊಲೆಯಾದರು. ಅವರ ನೆನಪಿನ ಪುಟ್ಟ ಪಿರಮಿಡ್ ಆ ಮಠದ ಮುಂದಿದೆ.

ಇದೇ ಕಾರ್ಮೆಲ್ ಬೆಟ್ಟವನ್ನು 1918ರ ಸೆಪ್ಟೆಂಬರ್ 23ರಂದು ಹತ್ತಿ ಶತ್ರುವಿನ ಫಿರಂಗಿಗಳ ಮೇಲೆರಗಿದವರು ಮೈಸೂರು ಲಾನ್ಸರ್ಸ್ ಸವಾರರು. ಜೋಧಪುರದ ಸವಾರರ ಜೊತೆಗೂಡಿ ಹೈಫಾವನ್ನು ಗೆದ್ದ ಆ ಕಥೆ ಮೈಸೂರಿಗರಿಗೆ ಪರಿಚಿತ. ಏಕರ್ ಮತ್ತು ಹೈಫಾ ಒಂದೇ ಕೊಲ್ಲಿಯ ಎರಡು ತುದಿಗಳು. ಸಿನಾಯ್ ಮತ್ತು ಪ್ಯಾಲೆಸ್ತೀನಿನಲ್ಲಿ ಆ ಸೇನೆ ಗಾಯಾಳುಗಳನ್ನು ಹೊರಲು ಬಳಸಿದ ಸಾಧನಗಳಲ್ಲಿ ಒಂಟೆಯ ಎರಡು ಮಗ್ಗುಲಿಗೆ ಕಟ್ಟುವ ಕಾಕೊಲೆಟ್ ಎಂಬ ಚೌಕಟ್ಟು ಮುಖ್ಯವಾದದ್ದು. ನೂರಕ್ಕೂ ಹೆಚ್ಚು ವರ್ಷಗಳ ನಂತರವೂ ಮರಳಿನಲ್ಲಿ ಗಾಯಾಳುವಿನ ಪಾಲಿಗೆ ಬಂದದ್ದು ಒಂಟೆಯೇ. ಕಾಕೊಲೆಟ್‌ನ ತೂಗಾಟ ಎಂಥದೆಂದರೆ ಗಾಯಾಳುಗಳು ಅದನ್ನು ಕಂಡರೇ ಹೆದರುತ್ತಿದ್ದರು. ಲಾರೆಯ ಹಿಗ್ಗುವ ಪಟ್ಟಿಗಳನ್ನು ಯಾರೂ ನೆನಪಿಟ್ಟಿರಲಿಲ್ಲವೆಂದೇ ತೋರುತ್ತದೆ.

ಅದಕ್ಕೂ ಹೀನಾಯವಾದದ್ದು ಮೆಸಪೊಟೇಮಿಯಾದಲ್ಲಿ ನಡೆಯಿತು. 1915ರ ನವೆಂಬರ್‌ನಲ್ಲಿ ಬಾಗ್ದಾದಿನ ಬಳಿಯ ಟೆಸಿಫೋನ್ ಕಾಳಗದ ನಂತರ ಬ್ರಿಟಿಷ್ ಮತ್ತು ಭಾರತೀಯ ಗಾಯಾಳುಗಳನ್ನು ನದಿತೀರಕ್ಕೆ ಸಾಗಿಸಿದ್ದು ಹೇಸರಗತ್ತೆ ಎಳೆಯುವ ಸರಕು ಬಂಡಿಗಳಲ್ಲಿ. ಸ್ಪ್ರಿಂಗ್ ಇಲ್ಲದ, ಬರಿಯ ಕಬ್ಬಿಣ ಮರಗಳ ಗಾಡಿ. 1917ರಲ್ಲಿ ಪ್ರಕಟವಾದ ವಿಚಾರಣಾ ಆಯೋಗದ ವರದಿ ಆ ಯಾತನೆಯನ್ನು ಬಯಲಿಗಿಟ್ಟಾಗ ಲಂಡನ್ನಿನಲ್ಲಿ ರಾಜಕೀಯ ಬಿರುಗಾಳಿಯೆದ್ದಿತು. ಲಾರೆ ತನ್ನ ಗಾಡಿಗೆ ಸ್ಪ್ರಿಂಗ್ ಕಟ್ಟಿ ಒಂದು ಶತಮಾನ ಕಳೆದಿತ್ತು. ಕೊರತೆಯಿದ್ದುದು ತಿಳಿವಳಿಕೆಯದಲ್ಲ.

ಕಾಲು ಉಳಿಸಬೇಕೇ, ಕತ್ತರಿಸಬೇಕೇ

ಲಾರೆಯ ಹೆಸರಿಗೆ ಅಂಟಿಕೊಂಡ ಇನ್ನೊಂದು ಖ್ಯಾತಿ ಅಂಗಛೇದನದ್ದು. 1812ರ ಸೆಪ್ಟೆಂಬರ್‌ನ ಬೊರೊಡಿನೋ ಕಾಳಗದಲ್ಲಿ ಒಂದು ಹಗಲು ಒಂದು ಇರುಳಿನಲ್ಲಿ ಸುಮಾರು ಇನ್ನೂರು ಅಂಗಛೇದನಗಳನ್ನು ಮಾಡಿದ. ಅರಿವಳಿಕೆ ಮದ್ದು ಇನ್ನೂ ಬಂದಿರದ ಕಾಲ. ಕೈಚಳಕ, ವೇಗಗಳೇ ದಯೆ. ಆತನನ್ನು ಕಟುಕನೆಂದು ಭಾವಿಸುವವರು ಒಂದು ಅಂಶವನ್ನು ಮರೆಯುತ್ತಾರೆ. ಛಿದ್ರವಾದ ಕಾಲನ್ನು ತಕ್ಷಣ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಕತ್ತರಿಸಬೇಕೆಂಬ ಆತನ ವಾದಕ್ಕೆ ಮುಂದಿನ ಪ್ರಯಾಣವೂ ಒಂದು ಕಾರಣ. ಮುರಿದ ಮೂಳೆಯ ಕಾಲಿನೊಂದಿಗೆ ಹಳ್ಳಿಯ ಬಂಡಿಯಲ್ಲಿ ದಿನಗಟ್ಟಲೆ ಕುಲುಕಾಡಿದವನು ದಾರಿಯಲ್ಲೇ ಸಾಯುತ್ತಾನೆ. ಕತ್ತರಿಸಿ ಹೊಲಿದ ಮೊಂಡುಗಾಲಿನವನು ಊರು ತಲುಪುತ್ತಾನೆ. ರಸ್ತೆ ನುಣುಪಾಗಿದ್ದು ಗಾಡಿ ಮೆದುವಾಗಿದ್ದರೆ ಉಳಿಸಬಹುದಾಗಿದ್ದ ಕಾಲುಗಳು ಆ ಯುದ್ಧಗಳಲ್ಲಿ ಎಷ್ಟೋ ಹೋದವು.

ಉಳಿಸಬಹುದಾದ ಅಂಗಗಳಿಗೆ ಆತ ಬೇರೊಂದು ಉಪಾಯ ಮಾಡಿದ. ಕರ್ಪೂರದ ಸಾರಾಯಿ, ಸೀಸದ ಲವಣ, ಮೊಟ್ಟೆಯ ಬಿಳಿಭಾಗಗಳನ್ನು ಕಲಸಿ ಪಟ್ಟಿಗಳಿಗೆ ಸವರಿ ಸುತ್ತಿದರೆ ಅದು ಒಣಗಿ ಗಟ್ಟಿಯಾಗುತ್ತಿತ್ತು. ಅದನ್ನು ಪದೇಪದೇ ಬಿಚ್ಚದೆ ವಾರಗಟ್ಟಲೆ ಹಾಗೆಯೇ ಬಿಡುತ್ತಿದ್ದ. ಪ್ಲಾಸ್ಟರ್ ಪಟ್ಟಿ ಬಳಕೆಗೆ ಬಂದದ್ದು 1850ರ ದಶಕದಲ್ಲಿ. ಗಾಡಿಯ ಕುಲುಕನ್ನು ಪೂರ್ತಿ ತಡೆಯಲಾಗದಿದ್ದರೆ ಮೂಳೆಯನ್ನಾದರೂ ಕದಲದಂತೆ ಹಿಡಿಯಬೇಕು ಎಂಬುದು ಲಾರೆಯ ತರ್ಕ. ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದವರನ್ನು ಎತ್ತುವ ಮೊದಲೇ ಥಾಮಸ್ ದಬ್ಬೆ ಕಟ್ಟತೊಡಗಿದ ಮೇಲೆ ಸಾವು ಬಹಳಷ್ಟು ತಗ್ಗಿತು. ಅಲ್ಲಿ ಕೆಲಸ ಮಾಡಿದ್ದೂ ಇದೇ ತರ್ಕ.

ಯಾರನ್ನು ಮೊದಲು ಎತ್ತಬೇಕೆಂಬುದರಲ್ಲಿಯೂ ಆತನದು ನಿಷ್ಠುರ ನಿಯಮ. ಗಾಯ ಹೆಚ್ಚಿನವನು ಮೊದಲು. ಪದವಿ, ದೇಶ, ಪಕ್ಷ ಕೇಳುವಂತಿಲ್ಲ. ಶತ್ರು ಸಿಪಾಯಿ ತನ್ನ ಸೇನೆಯ ಕರ್ನಲ್‌ಗಿಂತ ಮೊದಲು ಮೇಜಿಗೆ ಬರಬಹುದಿತ್ತು. 1809ರಲ್ಲಿ ಮಾರ್ಷಲ್ ಲಾನ್‌ನ ಕಾಲು ತೆಗೆದೂ ಆತನನ್ನು ಉಳಿಸಿಕೊಳ್ಳಲಾಗದೆ ಲಾರೆ ಕಣ್ಣೀರಿಟ್ಟ. ಅದೇ ದಿನಗಳಲ್ಲಿ ಡ್ಯಾನ್ಯೂಬಿನ ಲೊಬಾವ್ ದ್ವೀಪದಲ್ಲಿ ಸಿಲುಕಿದ ಗಾಯಾಳುಗಳಿಗೆ ಅಧಿಕಾರಿಗಳ ಕುದುರೆಗಳನ್ನೇ ಕಡಿಸಿ, ಎದೆಕವಚಗಳನ್ನು ಪಾತ್ರೆ ಮಾಡಿ ಸೂಪು ಕಾಯಿಸಿ ಕುಡಿಸಿದ. ಅದೇ ವರ್ಷ ಬ್ಯಾರನ್ ಪದವಿ ದೊರೆಯಿತು.

ಸಿಪಾಯಿಗಳು ಆತನನ್ನು ದೇವರಂತೆ ಕಾಣುತ್ತಿದ್ದರೆಂಬುದಕ್ಕೆ 1812ರ ಚಳಿಗಾಲ ಸಾಕ್ಷಿ. ರಷ್ಯಾದಿಂದ ಹಿಮ್ಮೆಟ್ಟುವಾಗ ಬೆರೆಜಿನಾ ನದಿಯ ಸೇತುವೆಯ ಮೇಲೆ ಸಾವಿರಾರು ಜನ ಒಬ್ಬರನ್ನೊಬ್ಬರು ತುಳಿಯುತ್ತಿದ್ದಾಗ, ನಡುವೆ ಸಿಕ್ಕಿಬಿದ್ದ ಲಾರೆಯ ಗುರುತು ಹಿಡಿದ ಸೈನಿಕರು ಆತನನ್ನು ತಲೆಯ ಮೇಲಿಂದ ತಲೆಗೆ, ಕೈಯಿಂದ ಕೈಗೆ ಸಾಗಿಸಿ ದಡ ಮುಟ್ಟಿಸಿದರು. ಬದುಕಿಡೀ ಇತರರನ್ನು ಹೊರಿಸಿದವನನ್ನು ಅಂದು ಸೇನೆಯೇ ಹೊತ್ತಿತು. ಮರುವರ್ಷ ಸ್ಯಾಕ್ಸನಿಯಲ್ಲಿ, ಕೈಬೆರಳಿಗೆ ಗುಂಡು ತಗುಲಿದ ಎರಡು ಸಾವಿರಕ್ಕೂ ಹೆಚ್ಚು ಎಳೆಯ ಸಿಪಾಯಿಗಳು ಯುದ್ಧ ತಪ್ಪಿಸಲು ತಾವೇ ಗಾಯ ಮಾಡಿಕೊಂಡರೆಂಬ ಆರೋಪ ಬಂದಿತು. ಮೇಲಧಿಕಾರಿಗಳು ಶಿಕ್ಷೆಗೆ ಆತುರಪಡುತ್ತಿದ್ದರು. ಲಾರೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಅವರು ನಿರಪರಾಧಿಗಳೆಂದು ವರದಿ ಕೊಟ್ಟ. ನೆಪೋಲಿಯನ್ ಒಪ್ಪಿದ, ಅಪಾರ ಸಂಖ್ಯೆಯ ಹುಡುಗರ ಜೀವ ಉಳಿಯಿತು. ಕೆಲವು ಮಾರ್ಷಲ್‌ಗಳು ಮಾತ್ರ ಇದನ್ನು ಮರೆಯಲಿಲ್ಲ.

1815ರ ವಾಟರ್ಲೂ ಸೋಲಿನ ನಂತರ ಪ್ರಷ್ಯನ್ನರು ಆತನನ್ನು ಸೆರೆಹಿಡಿದು ಗುಂಡಿಕ್ಕಲು ನಿಲ್ಲಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಲು ಬಂದ ವೈದ್ಯನೊಬ್ಬ ಗುರುತು ಹಿಡಿದನೆಂದು ಹೇಳಲಾಗುತ್ತದೆ. ಪ್ರಷ್ಯನ್ ಸೇನಾಪತಿ ಬ್ಲ್ಯೂಶರ್‌ನ ಮಗನಿಗೆ ಹಿಂದೊಮ್ಮೆ ಲಾರೆ ಚಿಕಿತ್ಸೆ ಮಾಡಿದ್ದ. ಆ ಋಣ ಆತನನ್ನು ಬದುಕಿಸಿತು.

ಗಾಡಿ ಬದಲಾಯಿತು, ಕುಲುಕು ಉಳಿಯಿತು

ಲಾರೆಯ ಕಾಲದ ಕುದುರೆ ಗಾಡಿ ಹೋಗಿ ಮೋಟಾರು ಬಂದಿತು, ಗಾಳಿ ತುಂಬಿದ ಟಯರು ಬಂದಿತು. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು 108 ಆರೋಗ್ಯ ಕವಚ ಸೇವೆ ಆರಂಭವಾದ ಮೇಲೆ ಹಳ್ಳಿಹಳ್ಳಿಗೂ ಆಂಬುಲೆನ್ಸ್ ಓಡಿತು. ವಾಹನದ ರಚನೆಗೆ ಎಐಎಸ್-125 ಎಂಬ ರಾಷ್ಟ್ರೀಯ ಮಾನದಂಡವೂ ರೂಪುಗೊಂಡಿದೆ. ಆದರೆ ಬಹುತೇಕ ಆಂಬುಲೆನ್ಸ್‌ಗಳ ತಳಪಾಯ ಸರಕು ಸಾಗಣೆಯ ವ್ಯಾನಿನದು. ಟನ್ನುಗಟ್ಟಲೆ ಹೊರೆಗೆಂದು ಬಿಗಿಮಾಡಿದ ಪಟ್ಟಿ ಸ್ಪ್ರಿಂಗ್‌ಗಳ ಮೇಲೆ ಒಬ್ಬ ರೋಗಿ, ಒಬ್ಬ ನರ್ಸ್, ಒಂದು ಆಮ್ಲಜನಕ ಸಿಲಿಂಡರ್ ಕುಳಿತರೆ ಸ್ಪ್ರಿಂಗ್ ಬಾಗುವುದೇ ಇಲ್ಲ, ಗಾಡಿ ಪುಟಿಯುತ್ತದೆ. ಲಾರೆ ಬೈದ ಫುರ್ಗೋನ್‌ನ ದೂರದ ನೆಂಟನಿದು.

ಇದರ ಪರಿಣಾಮ ನೋವಷ್ಟೇ ಅಲ್ಲ. ಕುಲುಕುವ ಗಾಡಿಯಲ್ಲಿ ಇಸಿಜಿ ಗೆರೆ ಕಲಸಿಹೋಗುತ್ತದೆ, ರಕ್ತದೊತ್ತಡ ಅಳೆಯುವುದು ಕಷ್ಟವಾಗುತ್ತದೆ, ಎದೆಯೊತ್ತುವ ಕೈ ಜಾರುತ್ತದೆ. ಬೆನ್ನುಹುರಿಗೆ ಪೆಟ್ಟಾದವರ ಪಾಲಿಗೆ ಪ್ರತಿ ಉಬ್ಬೂ ಗಂಡಾಂತರ. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸಿದಾಗ ಮಿದುಳಿನ ರಕ್ತಸ್ರಾವ ಹೆಚ್ಚು ಕಂಡುಬರುವುದರ ಹಿಂದೆ ಕಂಪನ, ಸದ್ದುಗಳ ಪಾತ್ರವೂ ಇರಬಹುದೆಂದು ತಜ್ಞರು ಶಂಕಿಸುತ್ತಾರೆ. ಅದಕ್ಕಾಗಿಯೇ ಶಿಶುಗಳ ಪೆಟ್ಟಿಗೆಗೆ ಜೆಲ್ ಹಾಸಿಗೆ, ಗಾಳಿ ದಿಂಬು, ವಾಹನಕ್ಕೆ ಗಾಳಿ ಸ್ಪ್ರಿಂಗ್, ಸ್ಟ್ರೆಚರ್ ಕೆಳಗೆ ಪ್ರತ್ಯೇಕ ತೂಗುವ ವೇದಿಕೆ ಮುಂತಾದ ಪ್ರಯೋಗಗಳು ಜಗತ್ತಿನಾದ್ಯಂತ ನಡೆದಿವೆ. ಖರ್ಚಿಲ್ಲದ ಉಪಾಯಗಳೂ ಉಂಟು: ರೋಗಿಯನ್ನು ಹಿಂಬದಿ ಅಚ್ಚಿನ ಮೇಲಲ್ಲದೆ ಎರಡು ಅಚ್ಚುಗಳ ನಡುವೆ ಮಲಗಿಸುವುದು, ಉಬ್ಬಿಗೆ ಮುನ್ನ ನಿಧಾನಿಸುವುದು. ಇನ್ನು ರಸ್ತೆ ಉಬ್ಬಿಗೂ ಅಳತೆಯಿದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಪ್ರಕಾರ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡು ಉಬ್ಬು ಸರಿಯಾದದ್ದು. ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಚೂಪು ದಿಣ್ಣೆಗಳಿಗೂ ಈ ಅಳತೆಗೂ ಯಾವ ಸಂಬಂಧವೂ ಇಲ್ಲ.

ಕೊನೆಯ ಪಯಣ

ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪದಲ್ಲಿ 1821ರಲ್ಲಿ ಸಾಯುವ ಮುನ್ನ ಬರೆಸಿದ ಉಯಿಲಿನಲ್ಲಿ ಲಾರೆಗೆ ಒಂದು ಲಕ್ಷ ಫ್ರಾಂಕ್ ಬಿಟ್ಟು, ತಾನು ಕಂಡವರಲ್ಲೆಲ್ಲ ಸದ್ಗುಣಿ ಆತನೇ ಎಂದು ಸೇರಿಸಿದ. ರಾಜರು ಬದಲಾದರೂ ಲಾರೆಯ ವೃತ್ತಿ ನಿಲ್ಲಲಿಲ್ಲ. ಎಪ್ಪತ್ತಾರರ ವೃದ್ಧಾಪ್ಯದಲ್ಲಿಯೂ ಸೇನಾ ಆಸ್ಪತ್ರೆಗಳ ತಪಾಸಣೆಗೆ ಅಲ್ಜೀರಿಯಾಕ್ಕೆ ಹೋದ. ಮರಳುವ ದಾರಿಯಲ್ಲಿ ಕಾಯಿಲೆ ಬಿದ್ದು, 1842ರ ಜುಲೈ 25ರಂದು ಲಿಯೋನ್ ನಗರದಲ್ಲಿ ಕೊನೆಯುಸಿರೆಳೆದ. ಮಡದಿ ಶಾರ್ಲೊತ್ ಮೂರು ದಿನ ಮೊದಲೇ ತೀರಿಕೊಂಡಿದ್ದಳು.

ಮುದಿ ಸೈನಿಕರ ಆಶ್ರಯವಾದ ಪ್ಯಾರಿಸಿನ ಆನ್ವಲೀಡ್‌ನಲ್ಲಿ, ತನ್ನ ಸಿಪಾಯಿಗಳ ನಡುವೆ ಮಣ್ಣಾಗಬೇಕೆಂಬುದು ಆತನ ಬಯಕೆ. ಅಂದಿನ ಯುದ್ಧ ಸಚಿವ ಮಾರ್ಷಲ್ ಸೂಲ್ಟ್ ಅನುಮತಿ ಕೊಡಲಿಲ್ಲ. 1813ರಲ್ಲಿ ಎಳೆಯ ಸಿಪಾಯಿಗಳ ಮೇಲೆ ಆರೋಪ ಹೊರಿಸಿದವರ ಪೈಕಿ ಆತನೂ ಒಬ್ಬ. ಲಾರೆಯನ್ನು ಪೆರ್ ಲಾಶೇಸ್ ಸ್ಮಶಾನದಲ್ಲಿ ಹೂಳಲಾಯಿತು. ನೂರೈವತ್ತು ವರ್ಷಗಳ ನಂತರ, 1992ರ ಡಿಸೆಂಬರ್‌ನಲ್ಲಿ, ಆತನ ಅಸ್ಥಿಗಳನ್ನು ಅಲ್ಲಿಂದ ತೆಗೆದು ಆನ್ವಲೀಡ್‌ಗೆ ಸಾಗಿಸಲಾಯಿತು.